ಮಾರ್ಗರೆಟ್ ಮನೆಯ ಅಡುಗೆ

2018ರ ಜುಲೈನಲ್ಲಿ ‘ನಾಗರಹಾವು’ ಮತ್ತೆ ತೆರೆಗೆ ಬಂತಲ್ಲ, ಹೊಸ ಸೌಂಡು, ಅಗಲ ಪರದೆ ಅಂತೆಲ್ಲ, ಆಗ ನಾನು ಶನಿವಾರ ಭಾನುವಾರದ ಮಟ್ಟಿಗೆ ಬೆಂಗಳೂರಿನಿಂದ ದಾವಣಗೆರೆಗೆ ಹೋಗಿದ್ದೆ. ಜೊತೆಗೆ ಸಿನಿಮಾಕ್ಕೆ ಬಂದವನು ನನ್ನ ಹರಿಹರದ ಗೆಳೆಯ. ಅವನ ಹೆಸರು ಇಲ್ಲಿ ಬೇಡ. ಶಾಲೆಯಲ್ಲಿ ನಮ್ಮನ್ನು ಹಾಜರಿ ನಂಬರಿನಿಂದಲೇ ಕರೀತಿದ್ದರು, ಅವನದು ಹದಿನಾಲ್ಕು. ಇವತ್ತಿಗೂ ನನ್ನ ಫೋನಿನಲ್ಲಿ ಅವನು ‘ಹದಿನಾಲ್ಕು’ ಅಂತಲೇ ಇದ್ದಾನೆ.

ಥಿಯೇಟರಿನಲ್ಲಿ ಸೀಟಿ, ಚಪ್ಪಾಳೆ, ವಿಷ್ಣುವರ್ಧನ್ ಪರದೆಗೆ ಬಂದಾಗ ಚೂರುಚೂರು ಕಾಗದದ ಮಳೆ. ನಾನೂ ಕೂಗಿದೆ. ಕೊನೆಯ ದೃಶ್ಯದಲ್ಲಿ ಎಲ್ಲರ ಹಾಗೆ ನನ್ನ ಕಣ್ಣೂ ಒದ್ದೆಯಾಯ್ತು. ಹೊರಗೆ ಬಂದು ಮಂಡಕ್ಕಿ ಮೆಣಸಿನಕಾಯಿ ಅಂಗಡಿ ಮುಂದೆ ನಿಂತಾಗ ಹದಿನಾಲ್ಕು ಕೇಳಿದ: “ಎಲ್ಲಾ ಸರಿ ಕಣಲೇ. ಮಾರ್ಗರೆಟ್ ಮನೇಲಿ ಏನ್ ಅಡಿಗಿ ಮಾಡ್ತಾರೆ ಅಂತ ನಿಂಗೆ ಗೊತ್ತಾತಾ?”

ನಾನು ನಕ್ಕೆ. ಅವನು ನಗಲಿಲ್ಲ.

ಆ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಈ ಲೇಖನ ಬರೀತಿದ್ದೀನಿ. ನಾನು ವಿಮರ್ಶಕ ಅಲ್ಲ. ಬಿ.ಇ. ಓದಿ, ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿಕೊಂಡಿರೋನು. ಆದರೆ ಹರಿಹರದ ಒಂದು ಕ್ರೈಸ್ತ ಶಾಲೆಯಲ್ಲಿ, ಅದರದ್ದೇ ಹಾಸ್ಟೆಲ್ಲಿನಲ್ಲಿ, ಎಂಟನೇ ಕ್ಲಾಸಿನ ಒಂದು ವರ್ಷ ಕಳೆದಿದ್ದೀನಿ. ಈ ಸಿನಿಮಾವನ್ನ ಆ ವರ್ಷದ ಪಕ್ಕದಲ್ಲಿ ಇಟ್ಟು ನೋಡೋಕೆ ಅಷ್ಟು ಅರ್ಹತೆ ಸಾಕು ಅನ್ಕೊಂಡಿದ್ದೀನಿ.

ಮೊದಲು ಸಿನಿಮಾದ ಮಾತು. 1972ರದ್ದು, ಪುಟ್ಟಣ್ಣ ಕಣಗಾಲ್ ನಿರ್ದೇಶನ. ತ.ರಾ.ಸು. ಅವರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿ ಸೇರಿಸಿ ಮಾಡಿದ್ದು. ಕಥೆ ನಡೆಯೋದು ಚಿತ್ರದುರ್ಗದಲ್ಲಿ. ತ.ರಾ.ಸು. ಹುಟ್ಟಿದ್ದು 1920ರಲ್ಲಿ, ನಮ್ಮ ಹರಿಹರ ತಾಲ್ಲೂಕಿನ ಮಲೇಬೆನ್ನೂರಿನಲ್ಲಿ. ನಮ್ಮೂರಿನಿಂದ ಹರಿಹರಕ್ಕೆ ಹೋಗೋ ಬಸ್ಸು ಬರೋದೇ ಮಲೇಬೆನ್ನೂರಿನಿಂದ. ಹಾಗಾಗಿ ಈ ಸಿನಿಮಾ ನಮ್ಮ ಕಡೆಯವರಿಗೆ ಒಂಥರಾ ಮನೆಯ ಸಿನಿಮಾ. ಚಾಮಯ್ಯ ಮೇಷ್ಟ್ರು ನಮಗೆ ಕೆ.ಎಸ್. ಅಶ್ವಥ್ ಅಲ್ಲ, ನಮ್ಮ ಮೇಷ್ಟ್ರೇ.

ಈ ಸಿನಿಮಾ ಮಾರ್ಗರೆಟ್‌ಗೆ ಅನ್ಯಾಯ ಮಾಡಿದೆ ಅಂತ ಒಂದೇ ಮಾತಲ್ಲಿ ಹೇಳಿಬಿಡೋದು ತಪ್ಪಾಗುತ್ತೆ. ನಮ್ಮ ಎಷ್ಟೋ ಸಿನಿಮಾಗಳಲ್ಲಿ ಕ್ರೈಸ್ತ ಹೆಸರಿನ ಹುಡುಗಿ ಅಂದ್ರೆ ಕ್ಲಬ್ಬಿನಲ್ಲಿ ಕುಣಿಯೋಳು, ಖಳನಾಯಕನ ಪಕ್ಕ ಗ್ಲಾಸ್ ಹಿಡಿದು ನಿಲ್ಲೋಳು. ಇಲ್ಲಿ ಅವಳು ನಾಯಕಿ. ರಾಮಾಚಾರಿಯ ಹಟಕ್ಕೆ ಸಮನಾಗಿ ನಿಲ್ತಾಳೆ, ಅವನ ಜೊತೆ ಸಾಯ್ತಾಳೆ. ಬ್ರಾಹ್ಮಣರ ಹುಡುಗ ಕ್ರೈಸ್ತರ ಹುಡುಗಿಯನ್ನ ಮದುವೆಯಾಗೋದಕ್ಕೆ ಅಡ್ಡ ನಿಂತ ಮೇಷ್ಟ್ರನ್ನೂ ಸಿನಿಮಾ ಸುಮ್ಮನೆ ಬಿಡಲ್ಲ, ಅವರೂ ಅದೇ ಬೆಟ್ಟದಿಂದ ಬೀಳ್ತಾರೆ. ಜಾತಿ, ಮತದ ಗೋಡೆ ಮೂರು ಜೀವ ತಿಂತು ಅನ್ನೋದನ್ನ ಅಷ್ಟು ಗಟ್ಟಿಯಾಗಿ 1972ರಲ್ಲಿ ಹೇಳಿದ್ದು ಸಣ್ಣ ಮಾತಲ್ಲ.

ತೊಂದರೆ ಇರೋದು ಬೇರೆ ಕಡೆ. ಗೋಡೆ ಎತ್ತರ ಕಾಣಬೇಕು ಅಂದ್ರೆ ಗೋಡೆಯ ಆಚೆ ಏನಿದೆ ಅನ್ನೋದು ಕಾಣಬಾರದು. ರಾಮಾಚಾರಿಯ ಮನೆಯ ಮಡಿ ನಮಗೆ ಗೊತ್ತು. ಮೇಷ್ಟ್ರ ಮನೆ ಗೊತ್ತು, ಮೇಷ್ಟ್ರ ಹೆಂಡತಿ ಅವನಿಗೆ ತಾಯಿ ಥರ ಅನ್ನೋದು ಗೊತ್ತು. ದುರ್ಗದ ಕೋಟೆಯ ಕಲ್ಲುಕಲ್ಲೂ ಗೊತ್ತು. ಮಾರ್ಗರೆಟ್ ಬಗ್ಗೆ ನನ್ನ ನೆನಪಲ್ಲಿ ಉಳಿಯೋದು ಅವಳ ಉಡುಪು, ಅವಳ ಚೆಲುವು, ಅವಳ ಹೆಸರು. ಅವಳ ಜನ ದುರ್ಗಕ್ಕೆ ಯಾವಾಗ ಬಂದರು? ಮನೇಲಿ ಯಾವ ಭಾಷೆ ಆಡ್ತಾರೆ? ಯಾವ ಭಾಷೇಲಿ ಪ್ರಾರ್ಥನೆ ಮಾಡ್ತಾರೆ? ಮಗಳು ಹಿಂದೂ ಹುಡುಗನ ಜೊತೆ ಹೋದಳು ಅಂತ ಅವರ ಕಡೆ ಎಷ್ಟು ಜನ ಅತ್ತರು, ಬೈದರು? ಪ್ರೇಕ್ಷಕ ಇದನ್ನ ಕೇಳದೇ ಇರೋ ಹಾಗೆ ಸಿನಿಮಾ ಕಟ್ಟಲಾಗಿದೆ. ನಮ್ಮ ಕೆಲಸದಲ್ಲಿ ಒಂದು ಮಾತಿದೆ: ಬರೆಯದೇ ಇರೋ ಟೆಸ್ಟ್ ಕೇಸು ಯಾವತ್ತೂ ಫೇಲಾಗಲ್ಲ. ಐವತ್ತು ವರ್ಷ ದಾಟಿತು, ಯಾರಿಗೂ ಏನೂ ತಪ್ಪು ಕಾಣಲಿಲ್ಲ.

ನನಗೂ ಕಂಡಿರಲಿಲ್ಲ. ನನಗೆ ಕಾಣಬೇಕಿತ್ತು.

1997ರ ಜೂನ್‌ನಲ್ಲಿ ಅಪ್ಪ ನನ್ನನ್ನ ಆ ಶಾಲೆಗೆ ಸೇರಿಸಿದ್ರು. ನಮ್ಮದು ಭದ್ರಾ ಕಾಲುವೆಯ ಭತ್ತದ ಊರು, ಲಿಂಗವಂತರ ಮನೆ. ಏಳನೇ ಕ್ಲಾಸಿನ ತನಕ ಊರಿನ ಕನ್ನಡ ಶಾಲೆ. ಇಂಗ್ಲಿಷ್ ಬರಲಿ ಅನ್ನೋದೊಂದೇ ಅಪ್ಪನ ಆಸೆ. ಅಜ್ಜಿಗೆ ಸುತರಾಂ ಇಷ್ಟವಿರಲಿಲ್ಲ. ಹೊರಡೋ ದಿನ ನನ್ನ ಟ್ರಂಕಿನಲ್ಲಿ ವಿಭೂತಿ ಗಟ್ಟಿ ಒಂದು, ಜೋಳದ ಖಡಕ್ ರೊಟ್ಟಿಯ ಡಬ್ಬಿ ಒಂದು, ಶೇಂಗಾ ಚಟ್ನಿಪುಡಿ ಡಬ್ಬಿ ಒಂದು ಇಟ್ಟು, “ಅಲ್ಲಿ ಅವ್ರು ಮುಟ್ಟಿದ್ದು ಉಣಬ್ಯಾಡಪ್ಪ” ಅಂದಳು. ಮೊದಲ ತಿಂಗಳು ನಾನು ಹಾಸ್ಟೆಲ್ಲಿನಲ್ಲಿ ಅನ್ನ ಮುಟ್ಟಲಿಲ್ಲ. ಮೂಲೆಯಲ್ಲಿ ಕೂತು ರೊಟ್ಟಿ ಮುರಿದು ತಿಂತಿದ್ದೆ. ಪಕ್ಕದಲ್ಲಿ ಬಂದು ಕೂತು, ಏನೂ ಕೇಳದೆ, “ಆ ಚಟ್ನಿಪುಡಿ ಒಂಚೂರು ಕೊಡಲೇ” ಅಂದವನು ಹದಿನಾಲ್ಕು. ಅವನ ಮನೆ ಹರಿಹರದಲ್ಲೇ ಇದ್ದರೂ, ಅಪ್ಪನದು ಕಾರ್ಖಾನೆಯ ಪಾಳಿ ಕೆಲಸ, ಅಮ್ಮ ಆಸ್ಪತ್ರೆಯಲ್ಲಿ ರಾತ್ರಿ ಕೆಲಸ, ಹಾಗಾಗಿ ವಾರವೆಲ್ಲ ಹಾಸ್ಟೆಲ್ಲು.

ಹರಿಹರದ ಕ್ರೈಸ್ತರು ಅಂದ್ರೆ ಯಾರು ಅಂತ ನನಗೆ ಗೊತ್ತಾಗಿದ್ದು ಆ ವರ್ಷ. ಸಿನಿಮಾದವರ ಥರ ಎಲ್ಲರೂ ಒಂದೇ ಅಲ್ಲ. ರೈಲ್ವೆಗೆ, ಕಿರ್ಲೋಸ್ಕರ್‌ಗೆ, ಹೊಳೆಯಾಚೆ ಕುಮಾರಪಟ್ಟಣದ ಪಾಲಿಫೈಬರ್ಸ್‌ಗೆ ಕೆಲಸಕ್ಕೆ ಬಂದು ನೆಲೆ ನಿಂತವರು, ಮನೇಲಿ ತಮಿಳು, ತೆಲುಗು, ಕೊಂಕಣಿ. ಅವರ ಜೊತೆಗೇ ಸುತ್ತಲ ಹಳ್ಳಿಗಳ ಬಡ ಮನೆಗಳಿಂದ ಬಂದ ಅಚ್ಚ ಕನ್ನಡದ ಹುಡುಗರು. ಇವರಲ್ಲೂ ಮದುವೆ ಸಂಬಂಧ ಬಂದಾಗ ಹಳೇ ಜಾತಿ ಬಾಗಿಲ ಸಂದಿಯಿಂದ ಇಣುಕುತ್ತೆ ಅಂತ ಹದಿನಾಲ್ಕು ಹೇಳಿದ್ದು ಎಷ್ಟೋ ವರ್ಷದ ಮೇಲೆ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ದಲಿತ ಕುಟುಂಬ ಕ್ರೈಸ್ತವಾದರೆ ಪರಿಶಿಷ್ಟ ಜಾತಿಯ ಪಟ್ಟಿಯಿಂದ ಹೊರಗೆ. ಸರ್ಕಾರದ ಕಾಗದದಲ್ಲಿ ಆ ಜಾತಿ ಇಲ್ಲ, ಊರಿನ ಬಾಯಲ್ಲಿ ಮಾತ್ರ ಇದೆ.

ಹೊರಗಿನಿಂದ ನೋಡಿದವರಿಗೆ ಶಾಲೆ ಅಂದ್ರೆ ಇಂಗ್ಲಿಷು. ಒಳಗಿನ ಕಥೆ ಬೇರೆ. ಭಾನುವಾರದ ಪೂಜೆ ಪೂರ್ತಿ ಕನ್ನಡದಲ್ಲಿ. ಹೌದು, ಅವರೂ ‘ಪೂಜೆ’ ಅಂತಲೇ ಅನ್ನೋದು. ಫಾದರ್‌ಗೆ ‘ಸ್ವಾಮಿಗಳು’, ಕ್ರಿಸ್‌ಮಸ್ಸಿಗೆ ಕಟ್ಟೋ ಕೊಟ್ಟಿಗೆಗೆ ‘ಗೋದಲಿ’, ಮಣಿ ಎಣಿಸೋದಕ್ಕೆ ‘ಜಪಸರ’. 1962ರಿಂದ 65ರ ತನಕ ರೋಮಿನಲ್ಲಿ ನಡೆದ ಎರಡನೇ ವ್ಯಾಟಿಕನ್ ಸಭೆಯ ನಂತರ ಲ್ಯಾಟಿನ್ ಹೋಗಿ ಆಯಾ ನಾಡಿನ ಭಾಷೆ ಪೂಜೆಗೆ ಬಂತು. ನಮ್ಮ ಕಡೆ ಬಂದದ್ದು ಈ ಕನ್ನಡ. ತಮಾಷೆ ಅಂದ್ರೆ, ಅದೇ ಆವರಣದಲ್ಲಿ ಸೋಮವಾರ ಕ್ಲಾಸಿನಲ್ಲಿ ಕನ್ನಡ ಮಾತಾಡಿದರೆ ಒಂದು ರೂಪಾಯಿ ದಂಡ! ನಾನು ಕಟ್ಟಿದ ದಂಡದ ಲೆಕ್ಕ ಅಪ್ಪನಿಗೆ ಇವತ್ತಿಗೂ ಹೇಳಿಲ್ಲ. ಹದಿನಾಲ್ಕು ಒಮ್ಮೆ ಕೇಳಿಯೇಬಿಟ್ಟ: “ದೇವರಿಗೆ ಕನ್ನಡ ಬರುತ್ತೆ, ನಿಮಗೆ ಬರಲ್ವಾ ಸಾರ್?” ಅವನಿಗೆ ಬಿದ್ದದ್ದು ಎರಡು ರೂಪಾಯಿ.

ಇನ್ನೊಂದು ನೆನಪು. ವಾರಕ್ಕೆರಡು ಪಿರಿಯಡ್ ಕ್ಲಾಸನ್ನ ಎರಡು ಭಾಗ ಮಾಡ್ತಿದ್ರು. ಕ್ರೈಸ್ತ ಹುಡುಗರು ಧರ್ಮೋಪದೇಶಕ್ಕೆ ಒಂದು ಕೋಣೆಗೆ, ಉಳಿದವರು ನೀತಿಪಾಠಕ್ಕೆ ಇನ್ನೊಂದು ಕೋಣೆಗೆ. ನಮ್ಮನ್ನ ಯಾರೂ ಬಲವಂತ ಮಾಡಲಿಲ್ಲ ಅನ್ನೋದು ನಿಜ. ಆ ವರ್ಷವಿಡೀ ಒಬ್ಬರೂ ನನಗೆ “ನಮ್ಮ ಮತಕ್ಕೆ ಬಾ” ಅನ್ನಲಿಲ್ಲ. ಆದರೆ ಆ ಕೋಣೆಯಲ್ಲಿ ಏನು ಹೇಳ್ತಾರೆ ಅಂತ ನನಗೆ, ಈ ಕೋಣೆಯಲ್ಲಿ ಏನು ಹೇಳ್ತಾರೆ ಅಂತ ಅವನಿಗೆ, ತಿಳೀದೇ ಹೋಯ್ತು. ಗೋಡೆ ಕಟ್ಟೋದರಲ್ಲಿ ಶಾಲೆಯ ಪಾಲೂ ಇತ್ತು ಅನ್ನೋದನ್ನ ಬರೀದೇ ಹೋದರೆ ನಾನು ಅರ್ಧ ಮಾತ್ರ ಹೇಳಿದ ಹಾಗಾಗುತ್ತೆ.

ಆ ವರ್ಷ ಏನೇನೋ ಆಯ್ತು. ಆಗಸ್ಟ್ 15ಕ್ಕೆ ದಾವಣಗೆರೆ ಹೊಸ ಜಿಲ್ಲೆಯಾಯ್ತು, ಮನೆಗೆ ಬರೆಯೋ ಕಾರ್ಡಿನ ಮೇಲೆ ‘ಚಿತ್ರದುರ್ಗ ಜಿಲ್ಲೆ’ ಅನ್ನೋದನ್ನ ಹೊಡೆದು ತಿದ್ದಿದ್ವಿ. ಸೆಪ್ಟೆಂಬರ್ 5ರ ರಾತ್ರಿ ಮದರ್ ತೆರೇಸಾ ತೀರಿಕೊಂಡರು, ಮಾರನೇ ದಿನ ಬೆಳಿಗ್ಗೆ ಪ್ರಾರ್ಥನೆ ಹೊತ್ತಿಗೆ ಸಿಸ್ಟರ್ ಒಬ್ಬರು ಮಾತು ಮುಗಿಸಲಾಗದೆ ಒಳಗೆ ಹೋದರು. ಅದಾಗಿ ಎರಡು ದಿನಕ್ಕೆ, ಸೆಪ್ಟೆಂಬರ್ 8ಕ್ಕೆ, ಆರೋಗ್ಯಮಾತೆಯ ಹಬ್ಬ. ಮಂಗಳೂರು ಕಡೆಯ ಸ್ವಾಮಿಗಳು ತಮ್ಮೂರಿನಲ್ಲಿ ಅದೇ ದಿನ ಹೊಸ ತೆನೆ ತಂದು ಪಾಯಸ ಮಾಡೋ ಹಬ್ಬದ ಕಥೆ ಹೇಳಿದ್ರು. ನಮ್ಮೂರಲ್ಲೂ ಹೊಸ ತೆನೆಗೆ ಪೂಜೆ ಮಾಡ್ತೀವಿ ಅಂತ ನಾನು ಹೇಳಬೇಕು ಅಂತಿದ್ದೆ, ಇಂಗ್ಲಿಷಿನಲ್ಲಿ ಹೇಳೋಕೆ ಬರಲಿಲ್ಲ.

ಆ ಚರ್ಚಿಗೆ 2019ರಲ್ಲಿ ಪೋಪ್ ಫ್ರಾನ್ಸಿಸ್ ಅವರಿಂದ ಕಿರು ಬಸಿಲಿಕಾ ಅನ್ನೋ ಗೌರವ ಸಿಕ್ಕಿತು. ಆ ಸುದ್ದಿಯ ಹೊತ್ತಿಗೆ ನಾನು ಕೇಳಿದ ಮಾತುಗಳಲ್ಲೆಲ್ಲ ಒಂದು ಮಾತು ಗ್ಯಾರಂಟಿ: ಹರಿ ಮತ್ತು ಹರ ಒಂದಾದ ಊರು, ಭಾವೈಕ್ಯದ ಊರು. ನಿಜ, ಹೊಯ್ಸಳ ದಂಡನಾಯಕ ಪೊಲಾಳ್ವ 1224ರ ಹೊತ್ತಿಗೆ ಕಟ್ಟಿಸಿದ ಹರಿಹರೇಶ್ವರ ದೇವಸ್ಥಾನ ಅಲ್ಲಿದೆ, ಅರ್ಧ ವಿಷ್ಣು ಅರ್ಧ ಶಿವ. ಆದರೆ ‘ಭಾವೈಕ್ಯ’ ಅನ್ನೋ ಪದ ನನಗೆ ಈಗೀಗ ಹಾರ ತುರಾಯಿ ಥರ ಕಾಣುತ್ತೆ. ವೇದಿಕೆ ಮೇಲೆ ಒಬ್ಬ ಸ್ವಾಮೀಜಿ, ಒಬ್ಬ ಫಾದರ್, ಒಬ್ಬ ಮೌಲ್ವಿ ಕೂತು ಹಾರ ಹಾಕಿಸ್ಕೊಳ್ತಾರೆ. ಫೋಟೋ ಮುಗಿದ ಮೇಲೆ ಮೂರು ಕಾರು ಮೂರು ಕಡೆ.

ಕನ್ನಡದಲ್ಲಿ ಕ್ರೈಸ್ತರ ಬಗ್ಗೆ ಬರೆಯೋದಕ್ಕೆ ಇನ್ನೊಂದು ದಾರಿ ಇದೆ, ಅದು ‘ಕೊಡುಗೆ’. ಮೊಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ ತಂದರು, ಕಿಟೆಲ್ 1894ರಲ್ಲಿ ನಿಘಂಟು ಕೊಟ್ಟರು. ದೊಡ್ಡ ಕೆಲಸ, ಎರಡು ಮಾತಿಲ್ಲ. ಆದರೆ ನೋಡಿ, ಜರ್ಮನಿಯಿಂದ ಬಂದ ಕ್ರೈಸ್ತ ನಮಗೆ ಹೆಸರು ಸಮೇತ ಗೊತ್ತು, ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ ಅವರ ಪ್ರತಿಮೆ ಇದೆ. ಪಕ್ಕದ ಬೀದಿಯ ಕ್ರೈಸ್ತ ಗೊತ್ತಿಲ್ಲ. ಅವನು ಕನ್ನಡಕ್ಕೆ ಏನು ಕೊಟ್ಟ ಅಂತ ಕೇಳ್ತೀವಿ. ನನ್ನನ್ನ ಯಾರೂ ಹಾಗೆ ಕೇಳಿಲ್ಲ. ನಾನು ಕನ್ನಡದವನಾಗಿರೋಕೆ ಏನನ್ನೂ ಕೊಡಬೇಕಾಗಿಲ್ಲ.

ಗೋಡೆ, ಹಾರ, ಕೊಡುಗೆ. ಈ ಮೂರನ್ನೂ ಬಿಟ್ಟು ಬರೆದವರು ಇದ್ದಾರಾ ಅಂದ್ರೆ ನನಗೆ ಮೊದಲು ನೆನಪಾಗೋದು ಸಾಗರದ ನಾ. ಡಿಸೋಜ. ಅವರು ಲೋಕೋಪಯೋಗಿ ಇಲಾಖೆಯಲ್ಲಿ ಕೆಲಸ ಮಾಡಿದವರು, ಶರಾವತಿ ಅಣೆಕಟ್ಟಿನಿಂದ ಮುಳುಗಿದ ಊರುಗಳನ್ನ ಹತ್ತಿರದಿಂದ ಕಂಡವರು, 2014ರಲ್ಲಿ ಮಡಿಕೇರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದವರು. ಅವರು ಕ್ರೈಸ್ತರ ಬದುಕನ್ನೂ ಬರೆದಿದ್ದಾರೆ. ಆದರೆ ಇಲ್ಲಿ ನಾನು ಎತ್ತಿ ಹೇಳೋದು ‘ದ್ವೀಪ’. ಗಿರೀಶ್ ಕಾಸರವಳ್ಳಿ ಅದನ್ನ 2002ರಲ್ಲಿ ಸಿನಿಮಾ ಮಾಡಿದ್ರು. ಅದು ಗಣಪಯ್ಯ, ನಾಗವೇಣಿಯ ಮನೆಯ ಕಥೆ. ನೀರು ಮೇಲೇರ್ತಾ ಇರುವಾಗ ಆ ಮನೆಯ ಒಳಗೆ ಗಂಡ ಹೆಂಡತಿ ನಡುವೆ ಏನಾಗುತ್ತೆ ಅನ್ನೋದು ಅದರ ಜೀವ. ಕ್ರೈಸ್ತ ಲೇಖಕ ಹಿಂದೂ ಮನೆಯ ಒಳಗೆ ಅಷ್ಟು ಸಲೀಸಾಗಿ ಹೋಗಿ ಬರ್ತಾನೆ, ಅದು ಓದುಗನಿಗೆ ವಿಶೇಷ ಅಂತಲೂ ಅನ್ನಿಸಲ್ಲ. ನಾವು ಮಾರ್ಗರೆಟ್ ಮನೆ ಒಳಗೆ ಹೋಗೋದು ಮಾತ್ರ ಯಾಕೆ ಅಷ್ಟು ಕಷ್ಟ? ಕಡಿಮೆ ಜನ ಇರೋರು ಹೆಚ್ಚು ಜನ ಇರೋರ ಮನೆಯನ್ನ ತಿಳಿದೇ ಬದುಕಬೇಕು. ಹೆಚ್ಚು ಜನ ಇರೋರಿಗೆ ಆ ದರ್ದು ಇಲ್ಲ. ನನಗೆ ತೋಚೋ ಕಾರಣ ಇಷ್ಟೇ.

ಬಾಗಿಲು ಇರಲಿಲ್ಲ ಅಂತ ಹೇಳೋ ಹಾಗಿಲ್ಲ, ಬಾಗಿಲು ನಮ್ಮ ಭಾಷೆಯಲ್ಲೇ ಇತ್ತು. 1998ರ ಫೆಬ್ರುವರಿ 25, ಬುಧವಾರ. ಶಿವರಾತ್ರಿ ರಜ, ಊರಿಗೆ ಹೊರಟಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಹದಿನಾಲ್ಕು ಸಿಕ್ಕ. ಹಣೆ ಮೇಲೆ ಬೂದಿ! ನನ್ನ ಹಣೆ ಮೇಲೂ ಅಜ್ಜಿಯ ವಿಭೂತಿ. “ಏನಲೇ, ನೀನೂ ಶಿವರಾತ್ರಿ ಮಾಡ್ತೀಯಾ?” ಅಂದೆ. “ಇಲ್ಲಲೇ, ಇವತ್ತು ನಮ್ದು ವಿಭೂತಿ ಬುಧವಾರ. ಉಪಾಸ” ಅಂದ. “ನಮ್ದೂ ಉಪಾಸ” ಅಂದೆ. ಅವರ ವಿಭೂತಿ ಹಿಂದಿನ ವರ್ಷದ ಗರಿಗಳ ಭಾನುವಾರದ ಗರಿ ಸುಟ್ಟಿದ್ದು, ನಮ್ಮದು ಸಗಣಿ ಸುಟ್ಟಿದ್ದು. ಅವರಿಗೆ ಅದು ಮಣ್ಣಿಗೆ ಮರಳೋ ದೇಹದ ನೆನಪು, ನಮಗೆ ಅದು ಶಿವನ ಗುರುತು. ಎರಡೂ ಒಂದೇ ಅಂತ ನಾನು ಹೇಳಲ್ಲ, ಹಾಗಂದ್ರೆ ಮತ್ತೆ ಹಾರ ಹಾಕಿದ ಹಾಗೆ. ಆದರೆ ಆ ಬೂದಿಗೆ ಹೆಸರಿಡಬೇಕಾದಾಗ ಕನ್ನಡ ಕ್ರೈಸ್ತರು ‘ವಿಭೂತಿ’ ಅಂತ ಕರೆದರಲ್ಲ, ಆ ಪದ ಅವರದ್ದೂ ಹೌದು. ಇಬ್ಬರು ಹುಡುಗರು ಬಸ್ ಸ್ಟ್ಯಾಂಡಿನಲ್ಲಿ ಹಸಿದುಕೊಂಡು ನಿಂತು ಒಬ್ಬರ ಹಣೆ ಒಬ್ಬರು ನೋಡಿ ನಕ್ಕ ಆ ದೃಶ್ಯವನ್ನ ನಾನು ಯಾವ ಕನ್ನಡ ಸಿನಿಮಾದಲ್ಲೂ ನೋಡಿಲ್ಲ.

ಇಷ್ಟೆಲ್ಲ ಹೇಳಿ ನಾನು ಒಳ್ಳೆಯವನಾಗಿ ಕೂರೋ ಹಾಗಿಲ್ಲ. ಅದಕ್ಕೆರಡು ತಿಂಗಳ ಹಿಂದೆ, ಕ್ರಿಸ್‌ಮಸ್ ರಜೆಗೆ ಮುಂಚೆ, ಹದಿನಾಲ್ಕು ನನ್ನನ್ನ ಮನೆಗೆ ಕರೆದಿದ್ದ. ಗೋದಲಿ ಕಟ್ಟೋಕೆ ಹುಲ್ಲು ತರೋಣ ಅಂತ. ಹೋದೆ. ಹುಲ್ಲು ಹಾಸಿದೆ, ಕುರಿಮರಿ ಗೊಂಬೆ ಇಟ್ಟೆ. ಅವರಮ್ಮ ಸ್ಟೀಲ್ ತಟ್ಟೆಯಲ್ಲಿ ಕೇಸರಿಬಾತ್ ತಂದಿಟ್ಟರು. ಒಳಗಿಂದ ಮಾಂಸದ ಸಾರಿನ ವಾಸನೆ. ಅಜ್ಜಿಯ ಮುಖ ಕಣ್ಣ ಮುಂದೆ ಬಂತು. “ಹೊಟ್ಟೆ ತುಂಬೈತ್ರಿ, ಈಗ ಉಂಡ್ಕೊಂಡು ಬಂದೆ” ಅಂತ ಸುಳ್ಳು ಹೇಳಿದೆ. ಅವರು ಏನೂ ಅನ್ನಲಿಲ್ಲ. ತಟ್ಟೆ ಒಳಗೆ ಹೋಯ್ತು.

ಮಾರ್ಚ್ ಮುಗಿದ ಮೇಲೆ ನನ್ನನ್ನ ಆ ಶಾಲೆಯಿಂದ ಬಿಡಿಸಿ ದಾವಣಗೆರೆಯ ಬೇರೆ ಶಾಲೆಗೆ ಹಾಕಿದ್ರು. ಫೀಸು ಜಾಸ್ತಿ ಅಂತ ಅಪ್ಪ ಹೇಳಿದ್ರು. ಫೀಸಲ್ಲ, ಅಜ್ಜಿಯ ಭಯ ಅಂತ ನನಗೆ ಗೊತ್ತಿತ್ತು.

2008ರ ಸೆಪ್ಟೆಂಬರ್ 14ರ ಭಾನುವಾರ ಮಂಗಳೂರಿನಲ್ಲಿ ಚರ್ಚಿನ ಮೇಲೆ, ಪ್ರಾರ್ಥನಾ ಮಂದಿರದ ಮೇಲೆ ದಾಳಿಯಾಯ್ತು. ಮಾರನೇ ದಿನ ಬೆಂಗಳೂರಿನ ಆಫೀಸ್ ಕ್ಯಾಂಟೀನಿನಲ್ಲಿ ಒಬ್ಬ, “ದುಡ್ಡು ಕೊಟ್ಟು ಮತಾಂತರ ಮಾಡಿದ್ರೆ ಸುಮ್ನೆ ಬಿಡ್ತಾರಾ?” ಅಂದ. ಟೇಬಲ್ಲಿನಲ್ಲಿ ಆರು ಜನ ಇದ್ವಿ. ಒಂದು ವರ್ಷ ಅವರ ಜೊತೆ ಉಂಡು ಮಲಗಿದವನು ನಾನೊಬ್ಬನೇ. ನನಗೆ ಗೊತ್ತಿರೋದನ್ನ ಹೇಳಬಹುದಿತ್ತು. ಸಾಂಬಾರ್ ಕಲಸಿಕೊಂಡು ಸುಮ್ಮನೆ ಕೂತೆ. ಹದಿನಾಲ್ಕಿಗೆ ಒಂದು ಫೋನೂ ಮಾಡಲಿಲ್ಲ.

ಈಗ ಆ ಮಂಡಕ್ಕಿ ಅಂಗಡಿಗೆ ವಾಪಸ್. ಮಾರ್ಗರೆಟ್ ಮನೆಯ ಅಡುಗೆ ಬಗ್ಗೆ ಕೇಳಿದ ಮೇಲೆ ಹದಿನಾಲ್ಕು ಸ್ವಲ್ಪ ಹೊತ್ತು ಬಿಟ್ಟು ಹೇಳಿದ: “ನೀನು ಅವತ್ತು ಕೇಸರಿಬಾತ್ ತಿನ್ನಲಿಲ್ಲ ನೋಡು. ಅದನ್ನ ನಮ್ಮಮ್ಮ ಮಾಡಿದ್ದಲ್ಲ. ನೀನು ಲಿಂಗಾಯತರ ಹುಡುಗ, ನಮ್ಮನೇಲಿ ಉಣ್ಣಲ್ಲ ಅಂತ ಪಕ್ಕದ ಲಿಂಗಾಯತರ ಮನೇಲಿ ಹೇಳಿ ಮಾಡಿಸ್ಕಂಡು ಬಂದಿದ್ಲು. ತಟ್ಟೆನೂ ಅವರದ್ದೇ.”

ಇಪ್ಪತ್ತು ವರ್ಷ ಅದನ್ನ ಅವನು ಹೇಳಿರಲಿಲ್ಲ. ಸಿನಿಮಾ ಹೇಳಿಸ್ತು.

ಹಾಗಾಗಿ ಪುಟ್ಟಣ್ಣ ಕಣಗಾಲರ ಮೇಲೆ ನಾನು ಜಾಸ್ತಿ ಜೋರು ಮಾಡೋ ಹಾಗಿಲ್ಲ. ಅವರು ಎರಡೂವರೆ, ಮೂರು ಗಂಟೆಯಲ್ಲಿ ಆ ಮನೆ ಒಳಗೆ ಹೋಗಲಿಲ್ಲ. ನನಗೆ ಒಂದು ವರ್ಷ ಇತ್ತು. ನಾನು ಹೋಗಿಯೂ ಹೋಗಲಿಲ್ಲ. ನನಗೆ ಸಿಟ್ಟಿರೋದು ಒಂದೇ ವಿಷಯಕ್ಕೆ: ಈ ಸಿನಿಮಾ ನೋಡಿ ಅತ್ತು ಹೊರಗೆ ಬಂದವನಿಗೆ, ತಾನು ಗೋಡೆಯ ವಿರುದ್ಧ ಇದ್ದೀನಿ ಅನ್ನೋ ಸಮಾಧಾನ ಸಿಗುತ್ತೆ. ಆ ಸಮಾಧಾನ ಅಗ್ಗದ್ದು. ನನಗೂ ಸಿಕ್ಕಿತ್ತು, ಒಂದು ಪ್ಲೇಟ್ ಮಂಡಕ್ಕಿ ಬರೋ ತನಕ. ಬೆಟ್ಟದ ಮೇಲಿಂದ ಹಾರೋ ಪ್ರೇಮಿಗಳಿಗೆ ಅಳೋದು ಸುಲಭ, ತಟ್ಟೆ ಮುಂದಿಟ್ಟಾಗ ಒಂದು ತುತ್ತು ತಿನ್ನೋದು ಕಷ್ಟ. ಆ ತುತ್ತಿನ ಬಗ್ಗೆ ಒಂದು ಸಿನಿಮಾ ಮಾಡಿದ್ರೆ ಸೀಟಿ ಬೀಳಲ್ಲ, ಗೊತ್ತು. ಆದರೂ ಯಾರಾದರೂ ಮಾಡಲಿ ಅಂತ ಆಸೆ.

ಹೋದ ಸೆಪ್ಟೆಂಬರಿನಲ್ಲಿ ಆರೋಗ್ಯಮಾತೆ ಹಬ್ಬಕ್ಕೆ ಹರಿಹರಕ್ಕೆ ಹೋದಾಗ ಹದಿನಾಲ್ಕರ ಮನೆಗೂ ಹೋದೆ. ಅವರಮ್ಮನಿಗೆ ಈಗ ಮಂಡಿನೋವು, ಕುರ್ಚಿ ಬಿಟ್ಟು ಏಳಲ್ಲ. ಅವತ್ತಿನ ವಿಷಯ ಎತ್ತಿ, ತಪ್ಪಾಯ್ತು ಅಮ್ಮ ಅಂದೆ. ಅವರು ನನ್ನ ಮುಖ ನೋಡಿದ್ರು, ಮಗನ ಮುಖ ನೋಡಿದ್ರು.

“ಯಾವ ಕೇಸರಿಬಾತೋ ಮಾರಾಯ? ನನಗೊಂದೂ ನೆನಪಿಲ್ಲ” ಅಂದ್ರು. ಆಮೇಲೆ, “ಈಗಾದ್ರೂ ಊಟ ಮಾಡ್ತೀಯೋ, ಪಕ್ಕದ ಮನೆಗೆ ಹೇಳಿ ಕಳಿಸಲೋ?”

ನೆನಪಿಲ್ಲ ಅಂದವರಿಗೆ ಪಕ್ಕದ ಮನೆ ಹೇಗೆ ನೆನಪಿತ್ತು ಅಂತ ನಾನು ಕೇಳಲಿಲ್ಲ. ಕೈ ತೊಳೆದು ಕೂತೆ. ಅನ್ನ, ಬೇಳೆ ಸಾರು, ಬದನೆಕಾಯಿ ಪಲ್ಯ, ಹಪ್ಪಳ. ಸಾರಿಗೆ ಸ್ವಲ್ಪ ಉಪ್ಪು ಕಡಿಮೆ ಇತ್ತು.